ನಡುವಿನ ಚೌಕ

ಕೌದಿಯನ್ನು ನಡುವಿನಿಂದ ಹೊಲಿಯಲು ಶುರುಮಾಡಬೇಕು. ಅಂಚಿನಿಂದ ಹೊರಟರೆ ಬಟ್ಟೆ ಸೂಜಿಯ ಮುಂದೆ ಮುಂದೆ ಸರಿಯುತ್ತಾ ಹೋಗಿ ಕೊನೆಗೆ ನಟ್ಟನಡುವೆ ಗುಡ್ಡೆಯಾಗಿ ನಿಲ್ಲುತ್ತದೆ. ಆಮೇಲೆ ಎಷ್ಟು ತಟ್ಟಿದರೂ ಅದು ಕೂರುವುದಿಲ್ಲ, ಇಸ್ತ್ರಿಗೂ ಬಗ್ಗುವುದಿಲ್ಲ. ಬಿಚ್ಚುವುದೊಂದೇ ದಾರಿ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಮೊದಲ ಕೌದಿಯನ್ನು ಹಾಳುಮಾಡಿ ಕಲಿತೆ. ಮಿಕ್ಕಿದ್ದೆಲ್ಲ ಪಕ್ಕದಲ್ಲಿ ಕೂತವರಿಂದ ಬಂದದ್ದು.

ನಾವು ಕೂರುತ್ತಿದ್ದದ್ದು ಲಾಂಡ್ರಿಯ ಹಿಂದಿನ ಕೋಣೆಯಲ್ಲಿ. ಮುಂದುಗಡೆ ಯಂತ್ರಗಳ ಗಡಗಡ, ಗಿರಾಕಿಗಳ ತಕರಾರು. ಹಿಂದುಗಡೆ ಒಂದು ಉದ್ದನೆಯ ಇಸ್ತ್ರಿ ಮೇಜು, ಅದರ ಮೇಲೆ ಯಾವತ್ತೋ ಯಾರೋ ಮರೆತು ಬಿಟ್ಟ ಇಸ್ತ್ರಿಪೆಟ್ಟಿಗೆಯ ಆಕಾರದ ಸುಟ್ಟ ಗುರುತು. ಗೋಡೆಗುಂಟ ಹಬೆಯ ಪೈಪು ಹಾದುಹೋಗಿತ್ತು. ಮಂಡಿ ನೋವಿನವರಿಗೆಲ್ಲ ಆ ಗೋಡೆಯ ಪಕ್ಕದ ಜಾಗಕ್ಕೇ ಜಗಳ. ಮೂಲೆಯ ಕಂಬಿಯಲ್ಲಿ, ಒಗೆಯಲು ಕೊಟ್ಟು ಒಯ್ಯಲು ಬಾರದವರ ಬಟ್ಟೆಗಳು ತೂಗುತ್ತಿದ್ದವು. ವರ್ಷ ದಾಟಿದ ಮೇಲೆ ಅವು ನಮ್ಮ ಪಾಲು.

ಕೋಣೆಯ ಒಡತಿಯನ್ನು ನಾವು ಲಾಂಡ್ರಿಯಕ್ಕ ಅನ್ನುತ್ತಿದ್ದೆವು. ಮನುಷ್ಯರನ್ನು ಅವಳು ಕಲೆಗಳಿಂದಲೇ ಗುರುತು ಹಿಡಿಯುತ್ತಿದ್ದಳು. "ಆ ಕಾಫಿ ಕಾಲರಿನವನು ಬಂದಿದ್ದ," ಅಂದರೆ ನಮಗೂ ಗೊತ್ತಾಗುತ್ತಿತ್ತು. ಬಟ್ಟೆಯನ್ನು ಕತ್ತರಿಸುವ ಮೊದಲೇ ಒಗೆಯಬೇಕು, ಕುಗ್ಗುವುದೆಲ್ಲ ಮೊದಲೇ ಕುಗ್ಗಲಿ ಎಂದು ಹೇಳಿಕೊಟ್ಟವಳು ಅವಳು. ಕೆಂಪು ಬಟ್ಟೆಯನ್ನು ಒದ್ದೆ ಬಿಳಿ ಚಿಂದಿಯಿಂದ ತಿಕ್ಕಿ ನೋಡದೆ ನಂಬಬಾರದು ಎಂದವಳೂ ಅವಳೇ. ಬೆರಳಿಗೆ ಸೂಜಿ ಚುಚ್ಚಿ ರಕ್ತ ತಾಗಿದರೆ ಚುಚ್ಚಿಸಿಕೊಂಡವರ ಎಂಜಲನ್ನೇ ಹಚ್ಚಬೇಕು, ಬೇರೆಯವರ ಎಂಜಲಿಗೆ ಕಲೆ ಹೋಗುವುದಿಲ್ಲ ಎನ್ನುವುದು ಅವಳ ಇನ್ನೊಂದು ವಾದ.

"ಅದೆಲ್ಲ ಸುಳ್ಳು. ಯಾರ ಎಂಜಲಾದರೂ ಒಂದೇ," ಎಂದು ನರ್ಸಕ್ಕ ಮೂಗು ಮುರಿಯುತ್ತಿದ್ದಳು. ಆಸ್ಪತ್ರೆಯಲ್ಲಿ ತಲೆ ನರೆಸಿಕೊಂಡು ನಿವೃತ್ತಳಾದವಳು. "ತಣ್ಣೀರು ಹಾಕ್ರಿ ಸಾಕು. ಬಿಸಿನೀರು ಮಾತ್ರ ಮುಟ್ಟಿಸಬೇಡಿ. ಬಿಸಿನೀರು ಬಿದ್ರೆ ರಕ್ತ ಬಟ್ಟೆ ಒಳಗೇ ಬೆಂದುಹೋಗುತ್ತೆ, ಆಮೇಲೆ ದೇವರು ಬಂದ್ರೂ ತೆಗೆಯೋಕಾಗಲ್ಲ."

"ನಿನ್ನ ದೇವರು ಯಾವಾಗಮ್ಮ ಲಾಂಡ್ರಿ ಇಟ್ಟಿದ್ದ?" ಎನ್ನುತ್ತಿದ್ದಳು ಲಾಂಡ್ರಿಯಕ್ಕ.

ನಮ್ಮೆಲ್ಲರಿಗಿಂತ ಚಿಕ್ಕವಳು ಗಿಣಿ. ಬೇಕರಿಯಲ್ಲಿ ಬೆಳಗಿನ ಪಾಳಿ ಮುಗಿಸಿ ಉಗುರಿನ ಸಂದಿಯಲ್ಲಿ ಹಿಟ್ಟು ಮೆತ್ತಿಕೊಂಡೇ ಬರುತ್ತಿದ್ದಳು. ಬಾಯಿಗೆ ಬೀಗ ಎನ್ನುವುದು ಅವಳಿಗೆ ತಿಳಿಯದು, ಅದಕ್ಕೇ ಆ ಹೆಸರು. ಆದರೆ ಸೂಜಿಗೆ ದಾರ ಪೋಣಿಸುವ ಸರಿಯಾದ ರೀತಿಯನ್ನು ಅಷ್ಟು ವರ್ಷವಾದ ಮೇಲೆ ನಮಗೆಲ್ಲ ಕಲಿಸಿದ್ದು ಅವಳೇ. ದಾರದ ತುದಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಕಂಡೂ ಕಾಣದಷ್ಟು ಹಿಡಿದು, ಸೂಜಿಯ ಕಣ್ಣನ್ನೇ ಅದರ ಮೇಲೆ ಇಳಿಸಬೇಕು. ನಾವೆಲ್ಲ ಅದುವರೆಗೆ ದಾರವನ್ನು ಸೂಜಿಯ ಬಳಿಗೆ ಒಯ್ಯುತ್ತಾ ಒದ್ದಾಡಿದವರು.

ನಾನು ಅವರಿಗೆ ಕೊಟ್ಟದ್ದು ಒಂದೇ ಒಂದು. ನನ್ನ ಯಜಮಾನರು ಪುಸ್ತಕಗಳಿಗೆ ಬೈಂಡ್ ಹಾಕುವವರಾಗಿದ್ದರು. ಅವರ ಜೇನುಮೇಣದ ಉಂಡೆ ನನ್ನ ಬಳಿ ಉಳಿದಿತ್ತು. ದಾರವನ್ನು ಅದರ ಮೇಲೆ ಎಳೆದುಕೊಂಡರೆ ಸಿಕ್ಕಾಗುವುದಿಲ್ಲ, ಹೊಲಿಗೆ ಗಟ್ಟಿ. ಉಂಡೆಯ ತುಂಬ ದಾರ ಕೊರೆದ ಗೀರುಗಳಿದ್ದವು, ಅರ್ಧ ಅವರವು, ಅರ್ಧ ನನ್ನವು. ಮಿಕ್ಕವರು ಒಂದೆರಡು ದಿನ ಮೇಣ ಎಳೆದು ನೋಡಿ, ಕೈಗೆ ಅಂಟುತ್ತದೆ ಎಂದು ಬಿಟ್ಟರು. ನಾನು ಬಿಡಲಿಲ್ಲ.

ಇನ್ನೊಂದು ನಿಯಮವನ್ನೂ ನಾನೇ ಹೇಳುತ್ತಿದ್ದೆ, ಅದನ್ನು ಯಾರೂ ಬಿಡಲಿಲ್ಲ. ಸೊಟ್ಟಾದ ಹೊಲಿಗೆಯನ್ನು ಅವತ್ತೇ ಬಿಚ್ಚಬೇಕು. ಮಲಗಿ ಎದ್ದು ನೋಡಿದರೆ ಅದರ ಮೇಲೆ ಕರುಣೆ ಬಂದುಬಿಡುತ್ತದೆ. ನಾನು ಮೇಜಿನ ಸುತ್ತ ಹಾದು ಬಂದರೆ ಗಿಣಿ ತನ್ನ ತುಂಡನ್ನು ಮಡಿಲಲ್ಲಿ ಮುಚ್ಚಿಕೊಂಡು, "ಏಳ್ರೇ, ಇನ್ಸ್‌ಪೆಕ್ಟರಮ್ಮ ಬಂದ್ರು!" ಎಂದು ಕೂಗುತ್ತಿದ್ದಳು.

ಸೂಜಿಯ ಮೊನೆ ಮಾಯವಾಗತೊಡಗಿದಾಗ ಮೊದಮೊದಲು ನಾನು ಬಲ್ಬನ್ನು ಬೈದೆ. ಆಮೇಲೆ ಕನ್ನಡಕವನ್ನು ಬೈದೆ. ವಿಚಿತ್ರವೆಂದರೆ ಕೋಣೆಯೆಲ್ಲ ಕಾಣುತ್ತಿತ್ತು. ಕಿಟಕಿ, ಕಂಬಿಯ ಮೇಲಿನ ಕೋಟುಗಳು, ಬಾಗಿಲ ಚಿಲಕ, ಎಲ್ಲವೂ. ಯಾವುದನ್ನು ದಿಟ್ಟಿಸುತ್ತೇನೋ ಅದು ಮಾತ್ರ ಕಾಣುತ್ತಿರಲಿಲ್ಲ. ಒದ್ದೆ ಬೆರಳಿಂದ ತೀಡಿದ ಪೆನ್ಸಿಲ್ ಗೆರೆಯಂಥ ಬೂದು ಮಚ್ಚೆಯೊಂದು ನನ್ನ ನೋಟದ ಮುಂದೆ ಮುಂದೆ ಓಡುತ್ತಿತ್ತು.

ಮಗಳೇ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅವಳಿಗೆ ಆಗ ಹೊಟ್ಟೆ ಕಾಣತೊಡಗಿತ್ತು. ಮದುವೆಯಾಗಿ ಎಷ್ಟೋ ವರ್ಷಕ್ಕೆ ನಿಂತ ಬಸಿರು. ಅವಳ ಗಂಡ ದೂರದ ಊರುಗಳಿಗೆ ಲಾರಿ ಓಡಿಸುವವನು, ಮನೆಯಲ್ಲಿ ಇರುವುದಕ್ಕಿಂತ ಫೋನಿನಲ್ಲಿ ಇರುವುದೇ ಹೆಚ್ಚು. ಹಾಗಾಗಿ ಮನೆಯಲ್ಲಿ ನಾನು, ಅವಳು.

ಆಸ್ಪತ್ರೆಯಲ್ಲಿ ಗೋಡೆಯ ಮೇಲಿನ ಅಕ್ಷರಗಳತ್ತ ಕೋಲು ತೋರಿಸುತ್ತಿದ್ದ ಹುಡುಗಿ ನಾನು ಸುಮ್ಮನಿದ್ದದ್ದು ನೋಡಿ ದನಿ ತಗ್ಗಿಸಿದಳು. "ಅಜ್ಜಿ, ಓದೋಕೆ ಬರಲ್ವಾ? ಪರವಾಗಿಲ್ಲ, ಚಿತ್ರದ ಬೋರ್ಡ್ ಹಾಕ್ತೀನಿ."

"ಓದೋಕೆ ಬರುತ್ತೆ ಕಣಮ್ಮ," ಎಂದೆ. "ಕಾಣಲ್ಲ, ಅಷ್ಟೇ."

ಕೂದಲು ನರೆತ ಮೇಲೆ ಸಂಜೆಶಾಲೆಗೆ ಹೋಗಿ ಕಲಿತ ಅಕ್ಷರಗಳು. ಕಲಿಯಲು ಅಷ್ಟು ಕಾಲ ಹಿಡಿಯಿತು, ಹೋಗಲು ಇಷ್ಟು ಸಾಕಾಯಿತು.

ಡಾಕ್ಟರು ಒಳ್ಳೆಯವರು, ಸುತ್ತಿ ಬಳಸಿ ಮಾತಾಡಲಿಲ್ಲ. "ಕಣ್ಣಿನ ಹಿಂದಿನ ಪರದೆಯಲ್ಲಿ ನಡುಭಾಗ ಸವೆದಿದೆ, ಅಮ್ಮ. ಸುತ್ತಲಿಂದು ಉಳಿಯುತ್ತೆ. ನಡುವಿಂದು ಇನ್ನೂ ಹೋಗುತ್ತೆ, ಹೋದದ್ದು ವಾಪಸ್ ಬರಲ್ಲ."

"ಹಾಸಿಗೆಯ ಬಟ್ಟೆಗೂ ಹಾಗೇ ಆಗೋದು," ಎಂದೆ. "ಮಲಗೋ ಜಾಗ ಸವೆಯುತ್ತೆ, ಅಂಚು ಹೊಸದರ ಹಾಗೇ ಇರುತ್ತೆ. ನಾವು ನಡುವಿಂದು ಬಿಸಾಕಿ ಅಂಚನ್ನು ಇಟ್ಕೊಳ್ತೀವಿ."

ಅವರು ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ. ಅವರ ಕಿವಿಗಳಷ್ಟೇ ನನಗೆ ಕಾಣುತ್ತಿದ್ದವು.

"ಮಗು ಹುಟ್ಟೋ ಹೊತ್ತಿಗೆ ಎಷ್ಟು ಉಳಿದಿರುತ್ತೆ?" ಎಂದು ಮಗಳು ಕೇಳಿದಳು. ಅವರು ಉತ್ತರ ಕೊಡುವ ಮೊದಲು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಆ ಸದ್ದಿನಲ್ಲೇ ನನಗೆ ಉತ್ತರ ಸಿಕ್ಕಿತು.

ಮನೆಗೆ ಬರುವ ಬಸ್ಸಿನಲ್ಲೇ ತೀರ್ಮಾನ ಮಾಡಿದೆ. ಮಗುವಿನ ಮುಖ ನನಗೆ ಸಿಗುವುದಿಲ್ಲ. ಕಿವಿ ಸಿಕ್ಕೀತು, ಕಾಲು ಸಿಕ್ಕೀತು, ಮುಖ ಸಿಗುವುದಿಲ್ಲ. ಹಾಗಿರುವಾಗ ಆ ಮಗುವಿಗೆ ನನ್ನದು ಎನ್ನುವ ಒಂದಾದರೂ ಸಿಗಲಿ. ಒಂದು ಪುಟ್ಟ ಕೌದಿ, ಪೂರ್ತಿ ನನ್ನ ಕೈಯದು. ಇನ್ನೊಬ್ಬರ ಒಂದು ಹೊಲಿಗೆಯೂ ಅದರಲ್ಲಿ ಇರಬಾರದು.

ಲಾಂಡ್ರಿಯ ಕೋಣೆಯಲ್ಲಿ ಹಾಗೇ ಹೇಳಿದೆ. "ದಾರ ಪೋಣಿಸಿಕೊಡಿ, ಬಣ್ಣ ಯಾವುದು ಅಂತ ಹೇಳಿ. ಹೊಲಿಯೋದು ಮಾತ್ರ ನಾನೇ."

"ಅಯ್ಯೋ, ನಮಗೇನು ಬೇರೆ ಕೆಲಸ ಇಲ್ವಾ ನಿಮ್ಮ ಕೌದಿಗೆ ಕೈ ಹಾಕೋಕೆ?" ಎಂದಳು ಗಿಣಿ. ಆದರೆ ಅವತ್ತಿನಿಂದ ದಿನಾ ನಾನು ಬರುವ ಹೊತ್ತಿಗೆ ನನ್ನ ಸೂಜಿಮೆತ್ತೆಯ ತುಂಬ ದಾರ ಪೋಣಿಸಿದ ಸೂಜಿಗಳು ಚುಚ್ಚಿರುತ್ತಿದ್ದವು. ಒಂದೊಂದೇ ಕಿತ್ತು ಮೇಣ ಎಳೆದುಕೊಂಡು ಹೊಲಿಯುವುದು ನನ್ನ ಕೆಲಸ. ಲಾಂಡ್ರಿಯಕ್ಕ ಹಳೆಯ ಬಟ್ಟೆಗಳಲ್ಲಿ ಮೃದುವಾದ್ದನ್ನೇ ಆರಿಸಿಕೊಟ್ಟಳು. ನಡುವಿನ ಚೌಕಕ್ಕೆ ನನ್ನ ಮಗಳ ಚಿಕ್ಕಂದಿನ ಹಳದಿ ಫ್ರಾಕಿನ ಬೆನ್ನು. ಸೀಮೆಸುಣ್ಣದ ಗೆರೆ ನನಗೆ ಕಾಣುವುದಿಲ್ಲವಲ್ಲ, ಅದಕ್ಕೆ ನರ್ಸಕ್ಕ ಉಗುರಿನಿಂದ ಗೀರಿ ಮಡಿಕೆಯ ಗೆರೆ ಮಾಡುವುದನ್ನು ತೋರಿಸಿದಳು. ಬೆರಳಿಟ್ಟರೆ ಗೆರೆ ಸಿಗುತ್ತಿತ್ತು, ಹಿಂದೆಯೇ ಸೂಜಿ ಹೋಗುತ್ತಿತ್ತು. ನಡುವಿನಿಂದ ಶುರುಮಾಡಿದೆ.

ಮೊದಲ ವಾರ ಬೆವರಿಳಿಯಿತು. ಅಂಚುಗಣ್ಣಿನಿಂದ, ಕೋಳಿ ನೋಡುವಂತೆ ತಲೆ ಓರೆಮಾಡಿ ಹೊಲಿಯುತ್ತಿದ್ದೆ. ಸಂಜೆ ಎಲ್ಲರಿಗಿಂತ ಮುಂಚೆ ಮಗಳು ಬಂದು ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ಕೌದಿಯನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು ಹೋಗುತ್ತಿದ್ದೆ. ಮರುದಿನ ಬಂದಾಗ ನಿಲ್ಲಿಸಿದ ಜಾಗಕ್ಕೆ ಪಿನ್ನು ಚುಚ್ಚಿ ಮಡಿಲಿಗೆ ಇಡುತ್ತಿದ್ದರು. ನಾನು ಅಲ್ಲಿಂದ ಮುಂದಕ್ಕೆ ಹೊರಡುತ್ತಿದ್ದೆ.

"ಹೇಗಿದೆ?" ಎಂದು ಕೇಳುತ್ತಿದ್ದೆ.

"ಇರುವೆ ಸಾಲು ಹೋದ ಹಾಗಿದೆ," ಎನ್ನುತ್ತಿದ್ದಳು ಲಾಂಡ್ರಿಯಕ್ಕ.

"ನಿಜ ಹೇಳೇ."

"ನಾನ್ಯಾಕೆ ಸುಳ್ಳು ಹೇಳ್ಲಿ? ಬೇಕಾದ್ರೆ ಯಾರನ್ನಾದ್ರೂ ಕೇಳಿ."

ಸಂಜೆ ಮಗಳಿಗೆ ಹೇಳಿದೆ, ಕಣ್ಣು ಹೋದರೂ ಕೈ ಮರೆತಿಲ್ಲ ಅಂತ. ಆ ಕೆಲವು ದಿನ ಊಟ ರುಚಿಸಿತು, ನಿದ್ದೆ ಹತ್ತಿತು.

ಕೌದಿ ಮುಗಿಯುವ ಹೊತ್ತಿಗೆ ಒಂದು ದಿನ ಮಗಳಿಗೆ ತಪಾಸಣೆ ಇತ್ತು, ಬೆಳಿಗ್ಗೆ ಬೇಗನೆ ನನ್ನನ್ನು ಲಾಂಡ್ರಿಗೆ ಬಿಟ್ಟು ಹೋದಳು. ಮುಂದುಗಡೆ ಯಾವುದೋ ಗಿರಾಕಿ ತನ್ನ ಕೋಟು ಸುಟ್ಟಿದೆ ಎಂದು ಹಾರಾಡುತ್ತಿದ್ದ. ಲಾಂಡ್ರಿಯಕ್ಕ ಅವನ ಜೊತೆ ಸಿಕ್ಕಿಕೊಂಡಿದ್ದಳು. ಹಿಂದಿನ ಕೋಣೆಯಲ್ಲಿ ನಾನೊಬ್ಬಳೇ. ಕೌದಿ ಮೇಜಿನ ಮೇಲೆ ಮಡಿಸಿತ್ತು. ಬಿಡಿಸಿ ಮಡಿಲ ಮೇಲೆ ಹಾಸಿಕೊಂಡೆ. ಬಿಸಿಪೈಪಿಗೆ ಬೆನ್ನು ಕೊಟ್ಟು, ಸುಮ್ಮನೆ ಒಂದು ಸಂತೋಷಕ್ಕೆ, ನಡುವಿನ ಚೌಕದ ಮೇಲೆ ಹೆಬ್ಬೆರಳು ಓಡಿಸಿದೆ.

ಹೊಲಿಗೆ ಸಮನಾಗಿತ್ತು. ಚಿಕ್ಕದು, ಒಂದರಷ್ಟೇ ಇನ್ನೊಂದು, ಒಂದೇ ಬಿಗಿ. ನಿಜಕ್ಕೂ ಇರುವೆ ಸಾಲು. ಒಂದು ಗಳಿಗೆ ನನಗೇ ಮೆಚ್ಚಿಕೆಯಾಯಿತು. ಆಮೇಲೆ ಹೆಬ್ಬೆರಳು ನಿಂತಿತು. ದಾರ ಒಣಗಿತ್ತು.

ಮೇಣದ ದಾರ ಬೆರಳಿಗೆ ಕೊಂಚ ಅಂಟುತ್ತದೆ. ಹಳತಾದರೂ ಆ ಗುಣ ಹೋಗುವುದಿಲ್ಲ. ಯಜಮಾನರು ಬೈಂಡ್ ಹಾಕಿದ ಪುಸ್ತಕಗಳ ಬೆನ್ನಲ್ಲಿ ಇವತ್ತೂ ಅದು ಸಿಗುತ್ತದೆ. ಇಲ್ಲಿ ಇರಲಿಲ್ಲ. ಎರಡನೇ ಸಾಲು ಮುಟ್ಟಿದೆ, ಇರಲಿಲ್ಲ. ಮೂರನೆಯದರಲ್ಲೂ ಇರಲಿಲ್ಲ. ಅಂಚಿನ ಕೊನೆಯ ಸಾಲಿನವರೆಗೂ ಹೆಬ್ಬೆರಳು ಹೋಗಿ ಬಂತು. ಕೊನೆಗೆ ಮೇಜಿನ ಕೆಳಗಿನ ಚೂರುಪಾರಿನ ಡಬ್ಬಿಗೆ ಕೈ ಹಾಕಿದೆ. ಅಲ್ಲಿದ್ದವು ನನ್ನ ಹೊಲಿಗೆಗಳು. ಒಮ್ಮೆ ಹೊಲಿದು ಬಿಚ್ಚಿದ ದಾರ ನೆಟ್ಟಗಾಗುವುದಿಲ್ಲ, ಸುಕ್ಕು ಸುಕ್ಕಾಗಿಯೇ ಉಳಿಯುತ್ತದೆ. ಅಂಟಂಟು, ಸುಕ್ಕು ಸುಕ್ಕು, ಒಂದು ಹಿಡಿ.

ಅವರೆಲ್ಲ ಬಂದು ಕೂರುವವರೆಗೂ ಕಾದೆ. ಕಾಯುವುದು ನನಗೆ ಕಷ್ಟವಲ್ಲ.

"ಬಿಚ್ಚಿದ್ದು ಯಾರು?" ಎಂದೆ.

ಮುಂದುಗಡೆ ಯಂತ್ರವೊಂದು ನೀರು ಹಿಂಡತೊಡಗಿತು.

"ಬಿಚ್ಚಿದ್ದು ನಾನು," ಎಂದಳು ನರ್ಸಕ್ಕ ಕೊನೆಗೆ. "ಹೊಲಿದದ್ದೂ ನಾನೇ. ಇವರದ್ದೇನೂ ಇಲ್ಲ."

"ನಾವೂ ಸುಮ್ನಿದ್ವಲ್ಲ," ಎಂದಳು ಲಾಂಡ್ರಿಯಕ್ಕ. "ನಮ್ಮದೂ ಇದೆ."

"ಅಷ್ಟು ಸೊಟ್ಟಗಿತ್ತಾ?"

ಯಾರೋ ಚೂರುಪಾರಿನ ಡಬ್ಬಿಯನ್ನು ಕಾಲಿನಿಂದ ಇನ್ನಷ್ಟು ಒಳಕ್ಕೆ ತಳ್ಳಿದರು.

"ಕೇಳ್ತಿದೀನಿ. ಅಷ್ಟು ಕೆಟ್ಟದಾಗಿತ್ತಾ?"

"ಕೆಲವು ಕಡೆ ಬಟ್ಟೆ ದಾಟಿ ಗಾಳಿಯಲ್ಲಿ ಹೊಲಿದಿದ್ರಿ," ಎಂದಳು ನರ್ಸಕ್ಕ. ಗಾಯಕ್ಕೆ ಪಟ್ಟಿ ಕಟ್ಟುವವರ ದನಿ, ಏರಿಳಿತವಿಲ್ಲ. "ಕೆಲವು ಕಡೆ ನಿಮ್ಮ ಸೀರೆಗೇ ಸೇರಿಸಿ ಹೊಲಿದಿದ್ರಿ. ನೀವು ಎದ್ದಾಗ ಪರ್ ಅಂತ ಕಿತ್ತು ಬಂತು. ಹಬೆಯ ಸದ್ದಿನಲ್ಲಿ ನಿಮಗೆ ಕೇಳಿಸಲಿಲ್ಲ. ಕೆಟ್ಟ ಹೊಲಿಗೆ ಅವತ್ತೇ ಬಿಚ್ಚಬೇಕು ಅಂತ ನೀವೇ ತಾನೇ ನಮಗೆ ಹೇಳಿದ್ದು?"

"ಬಿಚ್ಚಿ ಅಂತ ನನಗೇ ಹೇಳಬಹುದಿತ್ತಲ್ಲ."

"ಹೇಳಿದ್ರೆ ಮಾರನೇ ದಿನ ನೀವು ಬರ್ತಿದ್ರಾ?"

ಬರುತ್ತಿದ್ದೆ ಎನ್ನಬಹುದಿತ್ತು. ಅವಳು ನಂಬುತ್ತಿರಲಿಲ್ಲ, ನಾನೂ ನಂಬುತ್ತಿರಲಿಲ್ಲ. ಅವಳತ್ತ ತಿರುಗಿದೆ. ಬೂದು ಮಚ್ಚೆ ಅವಳ ಮುಖದ ಮೇಲೆ ಕೂತಿತು. ಅವಳು ಅಳುತ್ತಿದ್ದಾಳೋ ಸಿಡುಕುತ್ತಿದ್ದಾಳೋ ತಿಳಿಯದೆ ಹೋಯಿತು. ಅವರ ಮೇಲೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಸಿಟ್ಟಾದರೆ ಒಂದಲ್ಲ ಒಂದು ದಿನ ಇಳಿಯುತ್ತದೆ.

"ಮಗೂಗೆ ಅದೆಲ್ಲ ಏನು ಗೊತ್ತಾಗುತ್ತೆ, ಅಜ್ಜೀ?" ಎಂದಳು ಗಿಣಿ. ಅಷ್ಟು ದಿನ ಅವಳು ನನ್ನನ್ನು ಅಜ್ಜಿ ಎಂದವಳಲ್ಲ, ಇನ್ಸ್‌ಪೆಕ್ಟರಮ್ಮ ಎಂದೇ ಕರೆದವಳು. "ಬೆಚ್ಚಗಿದ್ರೆ ಸಾಕಲ್ವಾ?"

"ಹೌದು," ಎಂದೆ. "ಬೆಚ್ಚಗಿದ್ರೆ ಸಾಕು."

ಅವತ್ತು ಸಂಜೆ ಕೌದಿಯನ್ನು ಅಲ್ಲಿ ಬಿಡದೆ ಮನೆಗೆ ತಂದೆ. ಗಿಣಿ ಪೋಣಿಸಿಟ್ಟ ಸೂಜಿಗಳ ಸಮೇತ ಸೂಜಿಮೆತ್ತೆಯನ್ನೂ ತಂದೆ. ಪೂರ್ತಿ ಕೌದಿಯನ್ನು ಬಿಚ್ಚಿ ಹೊಲಿಯುವ ಆಸೆ ನನಗಿರಲಿಲ್ಲ, ಅಷ್ಟು ತಿಳುವಳಿಕೆ ಇತ್ತು. ನಡುವಿನ ಚೌಕವೊಂದು ಸಾಕು. ಉಳಿದದ್ದು ನರ್ಸಕ್ಕನದು ಎಂದೇ ಮಗಳಿಗೆ ಹೇಳಿಬಿಡುತ್ತೇನೆ, ಹಳದಿ ಚೌಕ ಮಾತ್ರ ನನ್ನದು ಎನ್ನುತ್ತೇನೆ ಅಂದುಕೊಂಡೆ.

ಮರುದಿನ ಮಗಳು ಮಧ್ಯಾಹ್ನದ ನಿದ್ದೆಗೆ ಮಲಗಿದಾಗ ಅಡುಗೆಮನೆಯ ಕಿಟಕಿಯ ಪಕ್ಕ ಸ್ಟೂಲು ಎಳೆದುಕೊಂಡು ಕೂತೆ. ಬಿಚ್ಚುವುದಕ್ಕೆ ಕಣ್ಣು ಬೇಡ. ನರ್ಸಕ್ಕನ ಹೊಲಿಗೆ ಎಷ್ಟು ಸಮ ಎಂದರೆ, ಒಂದು ಕತ್ತರಿಸಿ ಎಳೆದರೆ ಸಾಲೇ ಬರುತ್ತಿತ್ತು. ಚೌಕ ಬರಿದಾಯಿತು. ಉಗುರಿನಿಂದ ಮಡಿಕೆ ಗೀರಿದೆ. ಮೇಣ ಎಳೆದೆ. ಎಡಗೈಯನ್ನು ಬಟ್ಟೆಯ ಕೆಳಗಿಟ್ಟು, ಮೊನೆ ಬೆರಳಿಗೆ ತಾಗಿದ ಕೂಡಲೇ ಸೂಜಿಯನ್ನು ಮೇಲಕ್ಕೆ ತಿರುಗಿಸಿದೆ. ಕೌದಿ ಹೊಲಿಯುವವರ ಆ ಬೆರಳು ದಡ್ಡುಗಟ್ಟಿರುತ್ತದೆ, ಚುಚ್ಚಿದರೂ ನೋಯುವುದಿಲ್ಲ. ಎಷ್ಟೋ ವರ್ಷದಿಂದ ಆ ಬೆರಳನ್ನೇ ನಂಬಿಕೊಂಡು ಬಂದವಳು ನಾನು.

ಅವಸರ ಮಾಡಲಿಲ್ಲ. ಒಂದು ಸಾಲು ಮುಗಿಸಿ ಮುಟ್ಟಿ ನೋಡಿದೆ. ಕೆಲವು ಹೊಲಿಗೆ ಉದ್ದ, ಕೆಲವು ಗಿಡ್ಡ, ಒಂದೆಡೆ ಎರಡು ಒಂದರ ಮೇಲೊಂದು. ಗೆರೆ ಬಿಟ್ಟು ಎಲ್ಲಿಗೋ ಹೋಗಿ ಮತ್ತೆ ಬಂದಿತ್ತು. ಇರಲಿ, ಬಿಚ್ಚಲಿಲ್ಲ. ಅವತ್ತಿನ ಮಟ್ಟಿಗೆ ನನ್ನ ನಿಯಮವನ್ನು ನಾನೇ ಮುರಿದೆ. ಎರಡನೇ ಸಾಲು, ಮೂರನೇ ಸಾಲು. ದಾರ ಬೆರಳಿಗೆ ಅಂಟುತ್ತಿತ್ತು. ನನ್ನದು ಎಂದು ಗುರುತಿಗೆ ಅಷ್ಟು ಸಾಕಾಗಿತ್ತು.

ಮೂಲೆಯ ಗಂಟು ಹಾಕಿ ಬಟ್ಟೆ ಸವರಿದಾಗ ಹಸಿಯಾಗಿರುವಂತೆ ಅನ್ನಿಸಿತು. ಬೆವರು ಅಂದುಕೊಂಡೆ. ಬೆರಳನ್ನು ನಾಲಿಗೆಗೆ ಮುಟ್ಟಿಸಿದೆ, ಉಪ್ಪು, ಕಬ್ಬಿಣ. ದಡ್ಡುಗಟ್ಟಿದ ಬೆರಳಿನ ಒಳಕ್ಕೂ ಸೂಜಿ ಇಳಿದದ್ದು ಯಾವಾಗ? ನೋವಿಲ್ಲದ್ದರಿಂದ ತಿಳಿಯಲೇ ಇಲ್ಲ. ಎಲ್ಲಿ ಚುಚ್ಚಿತು, ಎಷ್ಟು ಹೊತ್ತಿನಿಂದ ತಾಗುತ್ತಿತ್ತು, ಒಂದೂ ಗೊತ್ತಿಲ್ಲ. ಹಳದಿಯ ಮೇಲೆ ದಿಟ್ಟಿಸಿದೆ, ಬೂದು. ಪಕ್ಕಕ್ಕೆ ದಿಟ್ಟಿಸಿದೆ, ಹಳದಿ ಹಳದಿಯಾಗಿಯೇ ಕಂಡಿತು, ಆದರೆ ಒಂದು ಚುಕ್ಕೆ ಕಾಣುವಷ್ಟು ಆ ಅಂಚುನೋಟ ಚುರುಕಲ್ಲ. ಬೆರಳಿಗೆ ಎಂಜಲು ಹಚ್ಚಿಕೊಂಡೆ. ಎಲ್ಲಿ ಹಚ್ಚಲಿ? ತೋಚಿದ ಕಡೆಯೆಲ್ಲ ಒತ್ತಿದೆ. ಒತ್ತಿ ಒತ್ತಿ ಇನ್ನಷ್ಟು ಹರಡುತ್ತಿದ್ದೇನೋ ಏನೋ ಎನ್ನಿಸಿ ಕೈ ತೆಗೆದೆ.

ಮಗಳು ಎದ್ದು ಬಂದಳು. ಹೊಟ್ಟೆ ಭಾರದಿಂದ ಅವಳ ಚಪ್ಪಲಿ ಈಗ ಎಳೆದ ಸದ್ದು ಮಾಡುತ್ತಿತ್ತು. ನನ್ನ ಹಿಂದೆ ಬಂದು ನಿಂತಳು. ನಿಂತೇ ಇದ್ದಳು.

"ಮುಗೀತು," ಎಂದೆ. "ನಡುವಿನ ಚೌಕ ನಾನೇ ಹೊಲಿದೆ. ಕಲೆ ಗಿಲೆ ಏನಾದ್ರೂ ಇದೆಯಾ ನೋಡು."

"ಇಲ್ಲಮ್ಮ."

"ಸರಿಯಾಗಿ ನೋಡು."

"ಏನೂ ಇಲ್ಲ. ಚೆನ್ನಾಗಿದೆ."

ತಿರುಗಿ ಅವಳನ್ನು ನೋಡಿದೆ. ಕಿವಿಯ ಓಲೆ ಕಂಡಿತು, ಭುಜ ಕಂಡಿತು, ಕೌದಿಯತ್ತ ಚಾಚಿದ ಕೈ ಕಂಡಿತು.

"ಹೊಸದಲ್ವಾ, ಧೂಳಿರುತ್ತೆ," ಎಂದಳು. "ಮಗೂಗೆ ಹೊದಿಸೋ ಮುಂಚೆ ಒಂದ್ಸಲ ನೀರಲ್ಲಿ ಅದ್ದಿ ತೆಗೀತೀನಿ. ನೀವು ಕೈ ತೊಳ್ಕೊಳ್ಳಿ."

ನಾನು ಕೊಟ್ಟೆ. ಅವಳು ಬಚ್ಚಲಿಗೆ ಹೋದಳು, ಬಾಗಿಲು ಹಾಕಿಕೊಂಡಳು. ಸೂಜಿಮೆತ್ತೆಯ ಮೇಲೆ ಇನ್ನೂ ಎಷ್ಟೋ ಸೂಜಿಗಳು ಉಳಿದಿದ್ದವು. ಒಂದೊಂದನ್ನೇ ಮುಟ್ಟಿದೆ. ಎಲ್ಲಕ್ಕೂ ದಾರವಿತ್ತು.

ನಮ್ಮ ಮನೆಯಲ್ಲಿ ಬಿಸಿನೀರಿನ ನಲ್ಲಿ ತಿರುಗಿಸಿದರೆ ಗೋಡೆಯೊಳಗಿನ ಪೈಪು ಕಟಕಟ ಬಡಿದುಕೊಳ್ಳುತ್ತದೆ. ಎಷ್ಟೋ ಸಲ ರಿಪೇರಿ ಮಾಡಿಸಿದರೂ ಹೋಗದ ಸದ್ದು ಅದು. ಈಗ ಗೋಡೆ ಬಡಿದುಕೊಳ್ಳತೊಡಗಿತು.

ಸುಮ್ಮನಿರಬಹುದಿತ್ತು. ಅವಳು ಕಷ್ಟಪಟ್ಟು ಕಟ್ಟಿದ ಸುಳ್ಳು ಹಾಗೇ ನಿಂತಿರುತ್ತಿತ್ತು. ಆದರೆ ಕಲೆ ಬಟ್ಟೆಯೊಳಗೇ ಬೆಂದುಹೋಗುತ್ತಿತ್ತು.

"ಬಿಸಿನೀರು ಹಾಕಬೇಡ," ಎಂದು ಕೂಗಿದೆ. "ತಣ್ಣೀರು."

ಕಟಕಟ ನಿಂತಿತು. ಆಮೇಲೆ ಇನ್ನೊಂದು ನಲ್ಲಿ ತಿರುಗಿತು. ಬಟ್ಟೆಗೆ ಬಟ್ಟೆ ತಿಕ್ಕುವ ಸದ್ದು ಶುರುವಾಯಿತು. ತಿಕ್ಕುವುದು, ಹಿಂಡುವುದು, ಮತ್ತೆ ತಿಕ್ಕುವುದು. ಕಿಟಕಿಯ ಬೆಳಕು ನನ್ನ ಕೈಯಿಂದ ಮೊಣಕಾಲಿಗೆ ಸರಿಯಿತು. ಅವಳು ಇನ್ನೂ ತಿಕ್ಕುತ್ತಲೇ ಇದ್ದಳು. ಒಂದು ಚುಕ್ಕೆಯಾಗಿದ್ದರೆ ಅಷ್ಟು ಹೊತ್ತು ಬೇಕಾಗುತ್ತಿರಲಿಲ್ಲ.